ಅಮ್ಮನ ಎಕ್ಸ್‌ರೇ

ಅಣ್ಣ ಇರುವುದು ಕೆನಡಾದಲ್ಲಿ. ಅತ್ತಿಗೆಗೆ ಆರು ತಿಂಗಳು ತುಂಬಿದಾಗ ಅಮ್ಮನಿಗೆ ಸೂಪರ್ ವೀಸಾ, ಅಂದರೆ ಅಲ್ಲಿರುವ ಮಕ್ಕಳ ಜೊತೆ ಹೆಚ್ಚು ಕಾಲ ಇರಲು ತಂದೆತಾಯಿಗೆ ಕೊಡುವ ವೀಸಾ, ಮಾಡಿಸಲು ಹೊರಟೆವು. ಬಾಣಂತನಕ್ಕೆ ಅವಳು ಹೋಗಲೇಬೇಕು ಅಲ್ವಾ? ಅದಕ್ಕೆ ಮೆಡಿಕಲ್ ಆಗಬೇಕು. ನಮ್ಮ ಮನೆ ಡಾಕ್ಟರು ಬರೆದುಕೊಟ್ಟರೆ ನಡೆಯುವುದಿಲ್ಲ. ಕೆನಡಾ ಸರ್ಕಾರದ ಪಟ್ಟಿಯಲ್ಲಿರುವ ಪ್ಯಾನಲ್ ಡಾಕ್ಟರೇ ನೋಡಬೇಕು. ಹಾಗಾಗಿ ಮೈಸೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದೆವು.

ಪಾಸ್‌ಪೋರ್ಟ್ ನೋಡಿದರು, ಫೋಟೋ ತೆಗೆದರು. ತೂಕ, ಬಿಪಿ, ಕಣ್ಣು, ಮೂತ್ರ, ರಕ್ತ ಎಲ್ಲ ಸಲೀಸಾಗಿ ಮುಗಿಯಿತು. ಡಾಕ್ಟರು ಒಂದೊಂದೇ ಪ್ರಶ್ನೆ ಕೇಳುತ್ತಾ ಬಂದರು. "ಮೊದಲು ಯಾವಾಗಲಾದರೂ ಟಿ.ಬಿ. ಆಗಿತ್ತಾ ಅಮ್ಮಾ?"

"ಇಲ್ಲ" ಅಂದಳು ಅಮ್ಮ. ಸ್ವಲ್ಪ ಬೇಗನೇ ಅಂದಳು.

ಎಕ್ಸ್‌ರೇ ಆದ ಮೇಲೆ ಮತ್ತೆ ಒಳಗೆ ಕರೆದರು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಹಳೆಯ ಗಾಯದ ಗುರುತಿತ್ತು. ಡಾಕ್ಟರು ಗದರಲಿಲ್ಲ. ಮಾನಿಟರನ್ನು ಅಮ್ಮನ ಕಡೆ ತಿರುಗಿಸಿ ಸುಮ್ಮನೆ ಕಾದರು. ಅಮ್ಮ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತಾ ಹೇಳಿದಳು: "17 ವರ್ಷದವಳಿದ್ದಾಗ ಕ್ಷಯ ಆಗಿತ್ತು. ಪಿ.ಕೆ. ಸ್ಯಾನಿಟೋರಿಯಂನಲ್ಲಿದ್ದೆ."

ಅದೇ ಮೊದಲು ನಾನು ಆ ಮಾತು ಕೇಳಿದ್ದು. ಅಪ್ಪ ತೀರಿಕೊಳ್ಳುವವರೆಗೂ ಅವರಿಗೂ ಗೊತ್ತಿರಲಿಲ್ಲವಂತೆ. ಮದುವೆ ನಿಂತೀತು ಅಂತ ಅಜ್ಜಿ ಬಾಯಿ ಕಟ್ಟಿಸಿದ್ದರಂತೆ. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಆ ಆಸ್ಪತ್ರೆಯ ಮುಂದೆ ನಾವು ಎಷ್ಟು ಸಲ ಬಸ್ಸಿನಲ್ಲಿ ಹೋಗಿಲ್ಲ! ಕ್ಷಯದಿಂದ ತೀರಿಕೊಂಡ ನಾಲ್ವಡಿಯವರ ತಂಗಿ ಕೃಷ್ಣಾಜಮ್ಮಣ್ಣಿಯವರ ಹೆಸರು ಅದಕ್ಕೆ. ಅರಮನೆಯನ್ನೂ ಬಿಡದ ಕಾಯಿಲೆ ಅದು. ನನ್ನಮ್ಮ ಮಾತ್ರ ಅದು ತನ್ನದೇ ತಪ್ಪು ಅನ್ನುವ ಹಾಗೆ ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದಳು.

ಡಾಕ್ಟರು ಉತ್ತರ ತಿದ್ದಿಕೊಂಡರು. ಹಿಂದೆ ಟಿ.ಬಿ. ಆಗಿತ್ತು ಅಂದ ಮಾತ್ರಕ್ಕೆ ವೀಸಾ ತಪ್ಪುವುದಿಲ್ಲ, ಈಗ ಇದೆಯಾ ಅನ್ನುವುದೇ ಮುಖ್ಯ ಅಂತ ಬಿಡಿಸಿ ಹೇಳಿದರು. ಮುಚ್ಚಿಟ್ಟಿದ್ದು ಗೊತ್ತಾದರೆ ಅದೇ ದೊಡ್ಡ ತೊಂದರೆ. ವೀಸಾ ಕೊಡುವವರು ತಾವಲ್ಲ, ವರದಿ ಕಳಿಸುವುದಷ್ಟೇ ತಮ್ಮ ಕೆಲಸ ಅಂತಲೂ ಹೇಳಿದರು.

ಮೂರು ದಿನ ಬೆಳಿಗ್ಗೆ ಕಫ ಕೊಡಬೇಕಿತ್ತು. ವಿಜಯನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಏನೂ ತಿನ್ನುವ ಮೊದಲು ಆಳದಿಂದ ಕೆಮ್ಮಿ ಡಬ್ಬಿಗೆ ಕೊಡಬೇಕು. ಬರೀ ಎಂಜಲು ಆಗುವುದಿಲ್ಲ. ಅಮ್ಮನಿಗೆ ಕೆಮ್ಮೇ ಇರಲಿಲ್ಲ. ಬಲವಂತದಿಂದ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತಿತ್ತು. ಮನೆಗೆ ಬಂದವಳು ಯಾರೂ ಕೇಳದಿದ್ದರೂ ಒಂದು ಲೋಟ, ಒಂದು ತಟ್ಟೆ ಬೇರೆ ಇಟ್ಟುಕೊಂಡಳು. ಆಗ ಅಜ್ಜಿ ಮನೆಯಲ್ಲಿ ಹಾಗೇ ಇಟ್ಟಿದ್ದರಂತೆ. ಚಿಕ್ಕಮ್ಮ ಅಡುಗೆಮನೆಗೆ ಹೋಗಿ ಅತ್ತರು.

ಮೊದಲ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಆದರೆ ಕಫದಲ್ಲಿ ರೋಗಾಣು ಬೆಳೆಯುತ್ತದಾ ಅಂತ ಲ್ಯಾಬಿನಲ್ಲಿ ಇಟ್ಟು ನೋಡುವ ಕಲ್ಚರ್ ವರದಿಗೆ 8 ವಾರ. ಈ ರೋಗಾಣು ತುಂಬಾ ನಿಧಾನ. ಒಂದು ಎರಡಾಗಲು 15-20 ಗಂಟೆ ಬೇಕು. ಆದ್ದರಿಂದ ಇಲ್ಲ ಅಂತ ಖಚಿತವಾಗಿ ಹೇಳಲು ಅಷ್ಟು ದಿನ ಕಾಯಲೇಬೇಕು. ನನಗೆ ಆ ನಿಯಮದ ಮೇಲೆ ಸಿಟ್ಟಿಲ್ಲ. ಹಸುಗೂಸು ಇರುವ ಮನೆಗೆ ಹೋಗುವವಳಲ್ಲವೇ ಅಮ್ಮ? ಆದರೂ ದಿನ ಎಣಿಸುವುದು ಕಷ್ಟವಾಗಿತ್ತು. ಅತ್ತಿಗೆಯ ದಿನಗಳೂ ಹತ್ತಿರ ಬರುತ್ತಿದ್ದವು.

ಕಲ್ಚರ್ ನೆಗೆಟಿವ್ ಬಂತು. ವೀಸಾ ಕೈಗೆ ಸಿಗುವಷ್ಟರಲ್ಲಿ ಮಗು ಹುಟ್ಟಿ ಒಂದೂವರೆ ತಿಂಗಳಾಗಿತ್ತು. ಅಲ್ಲಿಗೆ ಹೋದ 30 ದಿನದೊಳಗೆ ಆರೋಗ್ಯ ಇಲಾಖೆಗೆ ತಿಳಿಸಬೇಕು ಅಂತ ಒಂದು ಕಾಗದವೂ ಜೊತೆಗಿತ್ತು. ಅದನ್ನು ಅಮ್ಮ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡು ಹೋದಳು.

ಅವಳು ತಲುಪಿದ ರಾತ್ರಿ ಅಣ್ಣ ವಿಡಿಯೋ ಕಾಲ್ ಮಾಡಿದ. ಅಮ್ಮ ಕೈಕಾಲು ತೊಳೆದು, ಸೀರೆ ಬದಲಿಸಿ, ತೊಟ್ಟಿಲಿನಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದಳು.

"ನಾನು ಎತ್ತಿಕೊಳ್ಳಬಹುದೇನಪ್ಪಾ?" ಅಂತ ಕೇಳಿದಳು.

ಅತ್ತಿಗೆ ಏನೂ ಹೇಳದೆ ಮಗುವನ್ನು ತಂದು ಅವಳ ಮಡಿಲಲ್ಲಿ ಮಲಗಿಸಿದರು.