ಕಿತ್ತು ಹಾಕಿದ ಬಳ್ಳಿಗೆ ಈಗ ಬೆಲೆ

ಸ್ಪೇನಿನಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜನಿಗೆ ಮೊಮ್ಮಗಳು ಹುಟ್ಟುಹಬ್ಬಕ್ಕೆ ಒಂದು ಬಾಟಲ್ ವೈನ್ ತಂದಿದ್ದಳು. ಅಲ್ಲಿನ ಕಲಾತಾಯುದ್ ಊರಿನ ಕಡೆಯದು, ಹಳೇ ಬಳ್ಳಿಯ ಗಾರ್ನಾಚಾ ಅನ್ನೋ ಕೆಂಪು ವೈನ್ ದ್ರಾಕ್ಷಿಯದು. ಅಜ್ಜ ಲೇಬಲ್ ಓದಿ, ಬೆಲೆ ಕೇಳಿ, ನನ್ನ ಕಡೆ ತಿರುಗಿದರು. "ಈ ಬಳ್ಳಿ ಕೀಳೋದಕ್ಕೆ ನಮಗೆ ದುಡ್ಡು ಕೊಟ್ಟಿದ್ರು, ಗೊತ್ತಾ?"

ಅವತ್ತಿನಿಂದ ಆ ಮಾತು ತಲೆಯಲ್ಲೇ ಕೂತಿದೆ.

ಯುರೋಪಿನಲ್ಲಿ ವೈನ್ ಮಿತಿಮೀರಿದಾಗ, 1988ರಿಂದ, ದ್ರಾಕ್ಷಿ ತೋಟ ತೆಗೆದ ರೈತನಿಗೆ ಪರಿಹಾರ ಸಿಗುತ್ತಿತ್ತು. ಗುಡ್ಡದ ಹಳೇ ಗಾರ್ನಾಚಾಗೆ ಇಳುವರಿ ಕಡಿಮೆ. ಸೊಸೈಟಿಯವರು ತೂಕ, ಸಕ್ಕರೆ ನೋಡಿ ಬಿಡಿಗಾಸು ಕೊಡೋರು. ಪೇಟೆಯಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಓಕ್ ಪೀಪಾಯಿಯಲ್ಲಿ ಕೂತ, ರಿಯೋಹಾ ಪ್ರದೇಶದ ವೈನ್, ಅಂದರೆ ಬಹುಪಾಲು ತೆಂಪ್ರಾನಿಯೋ ಅನ್ನೋ ಬೇರೆ ದ್ರಾಕ್ಷಿ. ಅಜ್ಜನ ಮನೆಯವರು ಕಿತ್ತರು. ತಪ್ಪು ಅಂತ ಹೇಗೆ ಹೇಳಲಿ? ಮಕ್ಕಳನ್ನು ಓದಿಸಬೇಕಿತ್ತು.

ಅದೇ ಹೊತ್ತಿಗೆ ಸ್ಪೇನಿನದೇ ಪ್ರಿಯೊರಾತ್ ಬೆಟ್ಟಗಳಲ್ಲಿ ರೆನೆ ಬಾರ್ಬಿಯೆ, ಆಲ್ವಾರೊ ಪಲಾಸಿಯೊಸ್ ಅಂಥ ವೈನ್ ತಯಾರಕರು ಯಾರಿಗೂ ಬೇಡವಾದ ಹಳೇ ತೋಟಗಳನ್ನು ಹುಡುಕುತ್ತಿದ್ದರು. 1993ರಲ್ಲಿ ಪಲಾಸಿಯೊಸ್ ಮೊದಲ ಸಲ ಮಾಡಿದ ಲೆರ್ಮಿತಾ ಅನ್ನೋ ವೈನ್ ಬಹುಪಾಲು ಹಳೇ ಗಾರ್ನಾಚಾನೇ. ಇವತ್ತು ಅದು ಸ್ಪೇನಿನ ತೀರಾ ದುಬಾರಿ ವೈನ್‌ಗಳಲ್ಲಿ ಒಂದು. ಈಗ ರುಚಿ ಮತ್ತೆ ಮಗ್ಗುಲು ಬದಲಿಸಿದೆ. ಮೊಮ್ಮಗಳ ಗೆಳೆಯರಿಗೆ ವೆರ್ದೆಹೊ, ಅಲ್ಬರಿನ್ಯೊ ಅಂಥ ತಣ್ಣಗಿನ ಬಿಳಿ ವೈನ್ ಇಷ್ಟ. 2023ರಲ್ಲಿ ರಿಯೋಹಾದಲ್ಲಿ ಮಾರಾಟವಾಗದೆ ಉಳಿದುಹೋದ ವೈನನ್ನು ಸಹಾಯಧನ ಕೊಟ್ಟು ಭಟ್ಟಿ ಇಳಿಸಿ ಆಲ್ಕೋಹಾಲ್ ಮಾಡಿಸಿದರು.

ಆಮೇಲೊಂದು ದಿನ ಅಜ್ಜ ಉಳಿದಿರುವ ಒಂದು ತುಂಡು ತೋಟ ತೋರಿಸಿದರು. ಕಂಬ ಇಲ್ಲ, ತಂತಿ ಇಲ್ಲ. ಬರೀ ಕಲ್ಲು. ಕಲ್ಲಿನ ಮಧ್ಯೆ ಮೊಣಕಾಲೆತ್ತರದ ಬೊಡ್ಡೆಗಳು, ಅಜ್ಜನ ಬೆರಳಿನ ಹಾಗೆ ಗಂಟುಗಂಟು. ಅಂಥ ಬಿಸಿಲಲ್ಲೂ ಎಲೆ ಹಸಿರಾಗೇ ಇತ್ತು. ಬರ ತಡೆಯೋದರಲ್ಲಿ ಗಾರ್ನಾಚಾ ಗಟ್ಟಿ. ಬೇಸಿಗೆ ಇಷ್ಟು ಏರುತ್ತಿರುವಾಗ ಅದೇ ಬೇಕಾಗಿರೋದು ಅಲ್ವಾ?

ಅಲ್ಲಿ ನಿಂತಾಗ ನನಗೆ ನೆನಪಾದದ್ದು ದೇವನಹಳ್ಳಿ ಹತ್ತಿರದ ಸೋದರಮಾವನ ದ್ರಾಕ್ಷಿ ತೋಟ. ಕಲ್ಲುಕಂಬದ ಚಪ್ಪರ, ಕೆಳಗೆ ತಣ್ಣನೆ ನೆರಳು, ಮೇಲೆ ಬೆಂಗಳೂರು ಬ್ಲೂ. ದಪ್ಪ ಸಿಪ್ಪೆ, ಒಳಗೆ ಬೀಜ, ಕೈಗೆ ಹತ್ತಿದರೆ ಸಂಜೆವರೆಗೂ ಹೋಗದ ಘಮ. ಪೇಟೆಗೆ ಬೀಜವಿಲ್ಲದ ಹಣ್ಣು ಬಂದ ಮೇಲೆ ಇದು ಜ್ಯೂಸಿಗೆ, ಅಗ್ಗದ ವೈನಿಗೆ ಅಂತಾಯಿತು. ವಿಮಾನ ನಿಲ್ದಾಣ ಬಂತು, ಪಕ್ಕದ ತೋಟಗಳು ಸೈಟುಗಳಾದವು. 2013ರಲ್ಲಿ ಬೆಂಗಳೂರು ಬ್ಲೂಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ನನಗೆ ಹೆಮ್ಮೆ ಆಗಿತ್ತು. ಆದರೆ ಆ ಕಾಗದ ನೋಡಿ ನಮ್ಮೂರಲ್ಲಿ ಯಾರೂ ಹೊಸದಾಗಿ ಚಪ್ಪರ ಹಾಕಲಿಲ್ಲ.

ಆ ರಾತ್ರಿಯೇ ಮಾವನಿಗೆ ಫೋನ್ ಮಾಡಿ ಅಜ್ಜನ ಕಥೆಯೆಲ್ಲ ಹೇಳಿದೆ. ಉಳಿದಿರೋ ಬಳ್ಳಿ ಕೀಳಬೇಡಿ ಅಂತ ಬೇಡಿಕೊಂಡೆ. ಅವರು ಎಲ್ಲ ಕೇಳಿಸಿಕೊಂಡು, "ಕೀಳಲ್ಲ ಬಿಡು. ಬೋರಲ್ಲಿ ನೀರಿರೋವರೆಗೂ ಇರುತ್ತೆ. ಆಮೇಲೆ ನೋಡಿಕೊಳ್ಳೋಕೆ ಯಾರು ಬರ್ತೀರಾ ಹೇಳು" ಅಂದರು.