ಹಾಡ್ಯಕ್ಕೆ ಹೋದರೆ ಅದು ಕಾಡಿಗೆ ಹೋದ ಲೆಕ್ಕವಾ?

ಕೊಪ್ಪದಿಂದ ಏಳೆಂಟು ಕಿಲೋಮೀಟರ್ ಒಳಗೆ ಒಂದು ಮನೆಯ ಜಗಲಿಯಲ್ಲಿ ಕೂತಿದ್ದೆ. ಜನವರಿ ತಿಂಗಳು, ಬೆಳಗಿನ ಹತ್ತು ಗಂಟೆ. ನಾನು ಸಮಾಜಶಾಸ್ತ್ರದವಳು. ನನ್ನ ಪಿಎಚ್‌ಡಿಗೆ ಮಂಗನ ಕಾಯಿಲೆಯ ಬಗ್ಗೆ ಮನೆಮನೆಗೆ ಹೋಗಿ ಕೇಳುವ ಕೆಲಸ ಆಗಷ್ಟೇ ಶುರುವಾಗಿತ್ತು. ಎದುರಿಗೆ ಕೂತಿದ್ದ ಅಮ್ಮನಿಗೆ ಅರವತ್ತು ದಾಟಿರಬೇಕು.

"ಕಳೆದ ಒಂದು ತಿಂಗಳಲ್ಲಿ ಕಾಡಿಗೆ ಹೋಗಿದ್ರಾ ಅಮ್ಮ?"

"ಇಲ್ಲ ಮಾರಾಯ್ತಿ, ನಾವ್ಯಾಕೆ ಕಾಡಿಗೆ ಹೋಗ್ತೀವಿ?"

ಫಾರಂನಲ್ಲಿ 'ಇಲ್ಲ' ಅಂತ ಗುರುತು ಹಾಕಿದೆ. ಕಾಫಿ ಕುಡಿದು ನಾನು ಎದ್ದಾಗ ಅವರೂ ಎದ್ದರು. ಗೋಡೆಗೆ ಒರಗಿಸಿಟ್ಟಿದ್ದ ದೊಡ್ಡ ಬುಟ್ಟಿ ತೆಗೆದುಕೊಂಡರು. ಎಲ್ಲಿಗೆ ಅಂತ ಕೇಳಿದೆ. "ಹಾಡ್ಯಕ್ಕೆ. ಕೊಟ್ಟಿಗೆಗೆ ದರಗು ಬೇಕಲ್ಲ!" ಅಂದರು. ದರಗು ಅಂದರೆ ಉದುರಿದ ಒಣ ಎಲೆ.

ನನಗೆ ಅಲ್ಲೇ ಕಾಲು ನಿಂತುಬಿಟ್ಟಿತು. ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಕಾಡು ಅಂದರೆ ಆಚೆ ಗುಡ್ಡದ ಮೇಲಿನದು, ಫಾರೆಸ್ಟಿನವರದು. ಹಾಡ್ಯ ಅಂದರೆ ಮನೆಯ ಹಿಂದಿನದು. ಅಜ್ಜಿಯ ಕಾಲದಿಂದ ಸೊಪ್ಪು, ಸೌದೆ, ದರಗು ತರುವ ಜಾಗ. ಅಲ್ಲಿ ಮರ ಇದೆ, ಮಂಗ ಇದೆ, ದನ ಮೇಯುತ್ತೆ. ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ, ಅದಂತೂ ಇದ್ದೇ ಇದೆ.

ಈ ಕಾಯಿಲೆ ತರುವುದು ಆ ಉಣುಗೇ. ವೈರಸ್ ಇರುವ ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ ಬರುತ್ತೆ. ತಡೆಯಲಾರದ ತಲೆನೋವು, ಮೈಕೈ ನೋವು. ಕೆಲವರಿಗೆ ರಕ್ತಸ್ರಾವವೂ ಆಗುತ್ತೆ. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ಉಳಿಯುವುದಿಲ್ಲ. ಇದಕ್ಕೇ ಅಂತ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿದರೆ ಆರೈಕೆಯಿಂದ ಉಳಿಸಿಕೊಳ್ಳಬಹುದು. ಇದ್ದ ಲಸಿಕೆ ಅಷ್ಟಾಗಿ ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದ್ದಾರೆ.

ಜನರಿಗೆ ಜಾಸ್ತಿ ಕಚ್ಚುವುದು ಮರಿ ಉಣುಗು. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಮಳೆಗಾಲ ಮುಗಿದ ಮೇಲೆ ಅವು ಹೆಚ್ಚಾಗುತ್ತವೆ. ಹಾಗಾಗಿ ಡಿಸೆಂಬರ್‌ನಿಂದ ಮೇ ತನಕ ಕಾಯಿಲೆಯ ಕಾಲ. ನಮ್ಮ ಕಡೆ ಎಲೆ ಉದುರುವುದು, ಮಳೆಗೆ ಮುಂಚೆ ದರಗು ಗುಡಿಸಿ ರಾಶಿ ಹಾಕುವುದು ಯಾವಾಗ ಹೇಳಿ? ಅದೇ ತಿಂಗಳುಗಳಲ್ಲಿ ಅಲ್ವಾ! ಬಗ್ಗಿ, ಕೈಯಲ್ಲಿ ಬಾಚಿ, ಬುಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು ತರುತ್ತಾರೆ. ಉಣುಗಿಗೆ ಇದಕ್ಕಿಂತ ಹತ್ತಿರ ಇನ್ನು ಹೇಗೆ ಹೋಗಬೇಕು?

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಜನರೂ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ಇಲ್ಲಿಗೂ ಬಂತಾ ಅಂತ ಭಯ. ನೋಡಿದರೆ ಬೇರೆಯೇ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್‌ಗೆ ಹತ್ತಿರದ ಸಂಬಂಧಿ. ವೈದ್ಯರು, ಪಶುವೈದ್ಯರು, ಕೀಟ ಬಲ್ಲವರು ಆಗಿನಿಂದಲೂ ಒಟ್ಟಿಗೆ ದುಡಿದಿದ್ದಾರೆ. ಅವರ ಮೇಲೆ ನನಗೆ ದೊಡ್ಡ ಗೌರವ. ಆದರೆ ಜನ ಯಾವ ಜಾಗಕ್ಕೆ ಏನು ಹೆಸರಿಟ್ಟಿದ್ದಾರೆ ಅಂತ ತಿಳಿದುಕೊಳ್ಳುವುದು ಯಾರ ಕೆಲಸ? ಅದು ನನ್ನಂಥವರ ಕೆಲಸ. ನಾನೇ ಅದನ್ನು ಮಾಡಿರಲಿಲ್ಲ. ಇಂಗ್ಲಿಷಿನ ಪ್ರಶ್ನೆಪಟ್ಟಿ ನೋಡಿಕೊಂಡು 'ಫಾರೆಸ್ಟ್' ಇದ್ದ ಕಡೆ 'ಕಾಡು' ಅಂತ ಬರೆದಿದ್ದೆ, ಅಷ್ಟೇ.

ಆ ವಾರ ತುಂಬಿಸಿದ್ದ ಫಾರಂಗಳನ್ನೆಲ್ಲ ಬದಿಗಿಟ್ಟೆ. ಅದೇ ಮನೆಗಳಿಗೆ ಮತ್ತೆ ಹೋದೆ. ಈ ಸಲ ಬೇರೆ ಥರ ಕೇಳಿದೆ. ದರಗು ಎಲ್ಲಿಂದ ತರ್ತೀರಿ? ಯಾರು ತರ್ತಾರೆ? ವಾರಕ್ಕೆ ಎಷ್ಟು ಸಲ? ಬಂದ ಮೇಲೆ ಸ್ನಾನ ಮಾಡ್ತೀರಾ, ಇಲ್ಲ ನೇರ ಅಡುಗೆಮನೆಗೆ ಹೋಗ್ತೀರಾ? ಉತ್ತರಗಳು ಉದ್ದವಾದವು. ಮುಂಚೆ 'ಇಲ್ಲ' ಅಂದಿದ್ದ ಮನೆಗಳಲ್ಲೇ ದಿನಾ ಹಾಡ್ಯಕ್ಕೆ ಹೋಗುವವರು ಸಿಕ್ಕರು. ಬಹುಪಾಲು ಹೆಂಗಸರು. ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳಲು ಕೊಡುವ ಡೇಪಾ ಎಣ್ಣೆ ಎಷ್ಟೋ ಮನೆಯಲ್ಲಿ ಇತ್ತು, ಮುಚ್ಚಳ ತೆಗೆಯದೆ. "ಅದು ಕಾಡಿಗೆ ಹೋಗುವವರಿಗಲ್ವಾ?" ಅಂತ ಒಬ್ಬ ಅಕ್ಕ ನನ್ನನ್ನೇ ಕೇಳಿದರು.

ಆ ಮಾತು ಕೇಳಿ ಹೊಟ್ಟೆಯಲ್ಲಿ ಸಂಕಟ ಆಯಿತು. ತಿಳಿವಳಿಕೆ ಪತ್ರಗಳಲ್ಲೂ 'ಕಾಡಿಗೆ ಹೋಗುವಾಗ ಹಚ್ಚಿಕೊಳ್ಳಿ' ಅಂತಲೇ ಇದ್ದರೆ, ಅವರು ಹಚ್ಚಿಕೊಳ್ಳದೆ ಇದ್ದದ್ದು ಅವರ ತಪ್ಪು ಅನ್ನೋಕೆ ಆಗಲ್ಲ.

ಉಣುಗು ಹಿಡಿಯುವ ಕೆಲಸ ಗೊತ್ತಿರುವ ಗೆಳೆಯರೊಬ್ಬರಿಗೆ ಇದನ್ನು ಹೇಳಿದೆ. ಬಿಳಿ ಫ್ಲಾನೆಲ್ ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಾರೆ, ಹತ್ತಿದ ಉಣುಗನ್ನು ಹೆಕ್ಕಿ ಪರೀಕ್ಷೆಗೆ ಕಳಿಸುತ್ತಾರೆ. ಅವರು ಬಟ್ಟೆ ಎಳೆದದ್ದೆಲ್ಲ ಮಂಗ ಸತ್ತ ಕಡೆ, ರಿಸರ್ವ್ ಫಾರೆಸ್ಟಿನ ಅಂಚಿನಲ್ಲಿ. ಸುಮ್ನೆ ಕೇಳಿಸಿಕೊಂಡು, "ಯಾವ ಯಾವ ಹಾಡ್ಯ, ಪಟ್ಟಿ ಕೊಡಿ" ಅಂದರು. ನನ್ನ ನೋಟ್‌ಬುಕ್ಕಿನಲ್ಲಿ ಪಟ್ಟಿ ಇತ್ತು.

ಈಗ ಮಳೆಗಾಲ. ಮುಂದಿನ ಸುತ್ತಿನ ಪ್ರಶ್ನೆಗಳನ್ನು ಬರೆಯುತ್ತಿದ್ದೇನೆ. ಕಾಫಿ ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಮಿನ ಕೆಲಸಗಾರರಿಗೆ ಇದನ್ನೆಲ್ಲ ಯಾವ ಮಾತಿನಲ್ಲಿ ಕೇಳಬೇಕು ಅಂತ ಇನ್ನೂ ಹೊಳೆದಿಲ್ಲ. ಶೃಂಗೇರಿ, ಎನ್.ಆರ್. ಪುರ, ಮೂಡಿಗೆರೆ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಸಹಾಯ ಮಾಡಿ. ನಿಮ್ಮೂರಲ್ಲಿ ದರಗು ಗುಡಿಸುವ ಜಾಗಕ್ಕೆ ಏನಂತೀರಿ? ಮನೆಯಲ್ಲಿ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ತಿಳಿಸಿ. ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.