ಕಡಲತೀರದ ಫ್ಲ್ಯಾಟಿನ ಅಡಿಗೆಮನೆ: ಒಂದು ಕೊಟೇಶನ್ ಬಿಡಿಸಿ ನೋಡಿದ್ದು

14 ಜೂನ್ 2025, ಶನಿವಾರ
ತುಮಕೂರು

ಫ್ಲ್ಯಾಟ್ ಇರುವುದು ಮಂಗಳೂರಿನಲ್ಲಿ, ಬಾಲ್ಕನಿಗೆ ಬಂದರೆ ಎದುರಿಗೇ ಸಮುದ್ರ. ಅದರ ಮಾಲೀಕರು ಇರುವುದು ತುಮಕೂರಿನಲ್ಲಿ. ಅಡಿಗೆಮನೆ ಎಲ್ ಆಕಾರ, ಒಂದು ಗೋಡೆ 11 ಅಡಿ, ಇನ್ನೊಂದು 7. ಅದನ್ನು ಹೊಸದಾಗಿ ಮಾಡಿಕೊಡಲು ಮಂಗಳೂರಿನ ಅಂಗಡಿಯೊಂದು ಕೊಟ್ಟ ಕೊಟೇಶನ್ ತೆರಿಗೆ ಸೇರಿ 5,72,300 ರೂಪಾಯಿ. ಇಲ್ಲೇ ತುಮಕೂರಿನ ವರ್ಕ್‌ಶಾಪಿನಲ್ಲಿ ಮಾಡಿಸಿ ಲಾರಿಯಲ್ಲಿ ಕಳಿಸಿದರೆ ಎಷ್ಟು ಉಳಿಯುತ್ತೆ ಅನ್ನುವುದು ಅವರ ಪ್ರಶ್ನೆ.

ಕೊಟೇಶನ್ ಹೀಗಿದೆ: ಮರಗೆಲಸ 105 ಚದರಡಿ, ಚದರಡಿಗೆ 2,400ರಂತೆ 2,52,000. ಬಾಸ್ಕೆಟ್, ಹಿಂಜ್, ಚಾನೆಲ್, ಚಿಮಣಿ ಎಲ್ಲ ಸೇರಿ 95,000. ಗ್ರಾನೈಟ್, ಟೈಲ್ಸ್ 78,000. ಒಡೆಯುವುದು, ಪ್ಲಂಬಿಂಗ್, ವೈರಿಂಗ್ 60,000. ಒಟ್ಟು 4,85,000; ಅದರ ಮೇಲೆ ಶೇ. 18 ಜಿಎಸ್‌ಟಿ 87,300.

ದರದ ಮೇಲೆ ಜಗಳಕ್ಕೆ ಹೋಗುವ ಮೊದಲು ಟೇಪು ಹಿಡಿಯಬೇಕು. ಎಲ್ ಕಟ್ಟೆಯ ಎರಡೂ ಗೋಡೆಯನ್ನು ತುದಿಯಿಂದ ತುದಿಗೆ ಅಳೆದರೆ 18 ಅಡಿ. ಆದರೆ ಕಟ್ಟೆಯ ಆಳ 2 ಅಡಿ, ಮೂಲೆಯ ಆ 2 ಅಡಿ ಎರಡು ಸಲ ಲೆಕ್ಕಕ್ಕೆ ಬಂದಿದೆ. ನಿಜವಾದ ಉದ್ದ 16. ಕೆಳಗಿನ ಕಪಾಟಿನ ಎತ್ತರ ಎರಡೂವರೆ ಅಡಿ, ಹಾಗಾಗಿ 45 ಅಲ್ಲ, 40 ಚದರಡಿ. ಮೇಲಿನ ಕಪಾಟನ್ನು 30 ಚದರಡಿ ಹಾಕಿದ್ದಾರೆ. ಅದರೊಳಗೆ 2 ಅಡಿ ಅಗಲದ ಚಿಮಣಿಯ ಜಾಗವೂ ಸೇರಿಹೋಗಿದೆ. ಚಿಮಣಿಗೆ ಬೇರೆ ದುಡ್ಡು ತೆಗೆದುಕೊಂಡು, ಅದು ಕೂರುವ ಖಾಲಿ ಗೋಡೆಗೂ ಕಪಾಟಿನ ದರ! ಆ 5 ಚದರಡಿ ತೆಗೆದರೆ 25. ಉಳಿದ 30 ಚದರಡಿ ಲಾಫ್ಟ್, ಅಂದರೆ ಚಾವಣಿಯ ಹತ್ತಿರದ ಅಟ್ಟ. ಲಾಫ್ಟಿಗೆ ಬೇಕಾದದ್ದು ಚೌಕಟ್ಟು ಮತ್ತು ಬಾಗಿಲು ಅಷ್ಟೇ. ತಳ ಅಂದರೆ ಬಿಲ್ಡರ್ ಹಾಕಿಕೊಟ್ಟ ಕಾಂಕ್ರೀಟ್ ಸ್ಲ್ಯಾಬು, ಬೆನ್ನು ಅಂದರೆ ಗೋಡೆ. ಅದಕ್ಕೂ 2,400 ಕೇಳುವುದು ನ್ಯಾಯವಲ್ಲ. ಅವರ ಊರಿನ ದರದಲ್ಲೇ 900 ಸಾಕು.

ತಿದ್ದಿದ ಅಳತೆಯಲ್ಲಿ ಲೆಕ್ಕ: 65 ಚದರಡಿಗೆ 2,400ರಂತೆ 1,56,000, ಲಾಫ್ಟಿಗೆ 27,000. ಒಟ್ಟು 1,83,000. ಕಪಾಟಿನ ದರ ಒಂದು ರೂಪಾಯಿ ಇಳಿಸದೆ, ಅಳತೆ ಮತ್ತು ಲಾಫ್ಟಿನ ದರ ತಿದ್ದಿದ್ದರಿಂದಲೇ 69,000 ಇಳಿಯಿತು, ತೆರಿಗೆ ಸೇರಿದರೆ 81,420.

ಇನ್ನು ಸಾಮಾನು. ಕರಾವಳಿಯಲ್ಲಿ 2025ರಲ್ಲಿ ಮೇ ತಿಂಗಳಲ್ಲೇ ಮುಂಗಾರು ಇಳಿಯಿತು. ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ತುಮಕೂರು ಜಿಲ್ಲೆಗೆ 600ರ ಆಸುಪಾಸು. ನಮ್ಮಲ್ಲಿ ಉಪ್ಪು ಬರುವುದು ಬೋರ್‌ವೆಲ್ ನೀರಿನಲ್ಲಿ: ನಲ್ಲಿಯ ಬಾಯಿಗೆ, ಸಿಂಕಿನ ಸುತ್ತ ಕರಿ ಗ್ರಾನೈಟಿಗೆ ಬಿಳಿ ಕಟ್ಟುತ್ತೆ, ಒರೆಸಿದರೆ ಆಯಿತು. ಅಲ್ಲಿ ಉಪ್ಪು ಬರುವುದು ಗಾಳಿಯಲ್ಲಿ, ಬಾಗಿಲು ಹಾಕಿದ ಕಪಾಟಿನೊಳಕ್ಕೂ ಹೋಗುತ್ತೆ.

ಮೊದಲು ಕೈಕೊಡುವುದು ಪ್ಲೈವುಡ್ ಅಲ್ಲ, ಸ್ಕ್ರೂ. ಬಡಗಿಗಳು ಸಾಮಾನ್ಯವಾಗಿ ಬಳಸುವ ಕಪ್ಪು ಡ್ರೈವಾಲ್ ಸ್ಕ್ರೂ ಉಪ್ಪುಗಾಳಿಗೆ ತಡೆಯುವುದಿಲ್ಲ. ತಲೆಯ ಸುತ್ತ ಕಂದು ಕಲೆ ಮೂಡುತ್ತೆ, ಆಮೇಲೆ ಬಾಗಿಲು ಜೋಲುತ್ತೆ, ಬಿಚ್ಚಲು ಹೋದರೆ ಅರ್ಧ ಸ್ಕ್ರೂ ಪ್ಲೈ ಒಳಗೇ ತುಂಡಾಗಿ ಉಳಿಯುತ್ತೆ. ಹಿಂಜ್ ಎಷ್ಟೇ ದುಬಾರಿಯದು ಹಾಕಿ, ಅದನ್ನು ಹಿಡಿದಿರುವ ಸ್ಕ್ರೂ ತುಕ್ಕು ಹಿಡಿದರೆ ಮುಗಿಯಿತು. ಸ್ಕ್ರೂ, ಹಿಂಜ್, ಬಾಸ್ಕೆಟ್ ಮೂರೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್) ಆಗಬೇಕು. ಕೊಟೇಶನ್ನಿನಲ್ಲಿ ಬರೀ 'ಎಸ್‌ಎಸ್ ಬಾಸ್ಕೆಟ್' ಅಂತ ಇದೆ. ಅಗ್ಗದ 202 ದರ್ಜೆ ಕೂಡ ಎಸ್‌ಎಸ್ ಅಲ್ಲವೇ! 304ರಲ್ಲಿ ಕ್ರೋಮಿಯಂ ಶೇ. 18, ನಿಕಲ್ ಶೇ. 8, 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು 'ನೋಡಿ ಸಾರ್, ಅಂಟಲ್ಲ' ಅನ್ನುವ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ, ಎರಡೂ ಸಾಮಾನ್ಯವಾಗಿ ಅಂಟುವುದಿಲ್ಲ. ಸ್ಟೀಲ್ ಅಂಗಡಿಗಳಲ್ಲಿ ಟೆಸ್ಟಿಂಗ್ ದ್ರಾವಣದ ಪುಟ್ಟ ಬಾಟಲಿ, ಬ್ಯಾಟರಿ ಸಿಗುತ್ತೆ; ಒಂದು ಹನಿ ಬಿಟ್ಟು ಬ್ಯಾಟರಿ ತಾಗಿಸಿದಾಗ ಕೆಂಪಿಗೆ ತಿರುಗಿದರೆ ಅದು 304 ಅಲ್ಲ.

ಇದಕ್ಕೂ ಮೇಲೆ 316 ಇದೆ, ಅದರಲ್ಲಿ ಶೇ. 2ರಿಂದ 3 ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪಿಗೆ ಸಣ್ಣ ಗುಳಿ ಬೀಳುವುದು ಕಡಿಮೆ. ಇಡೀ ಅಡಿಗೆಮನೆಗೆ ಅದನ್ನೇ ಮಾರಲು ನೋಡುತ್ತಾರೆ. ಬೇಡ. ಯುಟಿಲಿಟಿ ಬಾಲ್ಕನಿಯ ಸ್ಟ್ಯಾಂಡು, ಹೊರಗೋಡೆಯಲ್ಲಿರುವ ಚಿಮಣಿ ಕೊಳವೆಯ ಟೋಪಿ, ಇವೆರಡಕ್ಕೆ ಸಾಕು.

ಪ್ಲೈವುಡ್ಡಿಗೆ ಐಎಸ್ (ಭಾರತೀಯ ಮಾನಕ) 710 ಮುದ್ರೆ ಇರಲೇಬೇಕು, ಬಿಡಬ್ಲ್ಯುಪಿ (ಬಾಯ್ಲಿಂಗ್ ವಾಟರ್ ಪ್ರೂಫ್) ಅನ್ನುವುದು ಇದನ್ನೇ. ಇದರ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು ಅನ್ನುವುದು ನಿಯಮ. ಐಎಸ್ 303ರ ಬಿಡಬ್ಲ್ಯುಆರ್‌ಗೆ (ಬಾಯ್ಲಿಂಗ್ ವಾಟರ್ ರೆಸಿಸ್ಟೆಂಟ್) 8 ಗಂಟೆ ಅಷ್ಟೇ. ತುಮಕೂರಿನಲ್ಲಿ ಸಿಂಕಿನ ಕೆಳಗೆ ಮಾತ್ರ 710 ಹಾಕಿ ಉಳಿದದ್ದಕ್ಕೆ 303 ಅಂದರೆ ಒಪ್ಪಬಹುದು, ಸಮುದ್ರದ ಎದುರಿಗೆ ಒಪ್ಪುವುದಿಲ್ಲ. ಬಾಗಿಲಿನ ಎರಡೂ ಮೈಗೆ ಲ್ಯಾಮಿನೇಟ್ ಬೇಕು. ಹೊರಗೆ ಮಾತ್ರ ಅಂಟಿಸಿ ಒಳಗೆ ಬಣ್ಣ ಬಳಿದರೆ ಒಳಮೈ ತೇವ ಕುಡಿದು ಹಿಗ್ಗುತ್ತೆ, ಹೊರಮೈ ಹಿಗ್ಗುವುದಿಲ್ಲ, ಬಾಗಿಲು ಬಿಲ್ಲಿನಂತೆ ಬಾಗುತ್ತೆ. ಉದ್ದನೆಯ ಬಾಗಿಲುಗಳಾದ್ದರಿಂದ ಲಾಫ್ಟಿನಲ್ಲೇ ಇದು ಹೆಚ್ಚು. ಅಂಚು ಮುಚ್ಚುವ ಪಟ್ಟಿ (ಬ್ಯಾಂಡ್) ನಾಲ್ಕೂ ಕಡೆ, ಕಣ್ಣಿಗೆ ಕಾಣದ ತಳದ ಅಂಚಿಗೂ.

ಗೋಡೆ ಕೆಂಪುಕಲ್ಲಿನದೋ ಕಾಂಕ್ರೀಟ್ ಬ್ಲಾಕಿನದೋ ಅಂತ ಕೇಳಿ ತಿಳಿಯಬೇಕು. ಕೆಂಪುಕಲ್ಲು ಮೆದು, ತೂತು ತೂತು. ಸಾದಾ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಟೀಲ್ ತಟ್ಟೆ ತುಂಬಿದ ಕಪಾಟು ನೇತುಹಾಕಿದರೆ ಪ್ಲಗ್ ಸಮೇತ ಕಿತ್ತು ಬರುತ್ತೆ. ಉದ್ದನೆಯ ರೈಲು ಕೂರಿಸಿ ಕೆಮಿಕಲ್ ಆಂಕರ್, ಅಂದರೆ ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್, ಹಾಕಬೇಕು. ಕಪಾಟಿನ ಬೆನ್ನಿಗೂ ಗೋಡೆಗೂ ಮಧ್ಯೆ ಅರ್ಧ ಇಂಚು ಗಾಳಿ ಆಡಲು ಬಿಡಬೇಕು.

ಚಿಮಣಿಗೆ 6 ಇಂಚಿನ ಕೊಳವೆ, ತಿರುವು ಎರಡಕ್ಕಿಂತ ಹೆಚ್ಚು ಬೇಡ. ಕೊಳವೆಯ ಬಾಯಿ ಸಮುದ್ರದ ಕಡೆಗಿದ್ದರೆ ಗಾಳಿ ಹೊಗೆಯನ್ನು ಒಳಗೇ ನೂಕುತ್ತೆ. ರೆಪ್ಪೆ ಇರುವ ಟೋಪಿ ಹಾಕಿಸಬೇಕು.

ಈಗ ತುಮಕೂರಿನ ಲೆಕ್ಕ. ಮೇಲೆ ಹೇಳಿದ ದರ್ಜೆಯಲ್ಲೇ 65 ಚದರಡಿ, 1,700ರಂತೆ 1,10,500. ಲಾಫ್ಟ್ 700ರಂತೆ 21,000. ಹಾರ್ಡ್‌ವೇರ್ ಮತ್ತು ಚಿಮಣಿ 88,000. ಗ್ರಾನೈಟ್, ಟೈಲ್ಸ್ ಮಂಗಳೂರಿನಲ್ಲೇ, 70,000. ಒಡೆಯುವುದು ಇತ್ಯಾದಿ 60,000. ಲಾರಿ, ಹಮಾಲಿ 18,000. ಮೂರು ಜನಕ್ಕೆ ಐದು ದಿನ ಊಟ-ವಸತಿ, ತಲೆಗೆ ದಿನಕ್ಕೆ 1,200ರಂತೆ ಇನ್ನೊಂದು 18,000. ಒಟ್ಟು 3,85,500, ತೆರಿಗೆ ಸೇರಿ 4,54,890.

ಇನ್ನು ಲಾರಿಯ ದಾರಿ. ತುಮಕೂರಿನ ಬಿ.ಎಚ್. ರಸ್ತೆಯ ಪೂರ್ತಿ ಹೆಸರು ಬೆಂಗಳೂರು-ಹೊನ್ನಾವರ ರಸ್ತೆ, ನಮ್ಮ ಅಂಗಡಿಸಾಲಿನ ಮುಂದಿನ ರಸ್ತೆಯೇ ಕಡಲಿಗೆ ಹೋಗುತ್ತೆ. ಮಂಗಳೂರಿನ ಲೋಡು ಮಾತ್ರ ಅರಸೀಕೆರೆಯಲ್ಲಿ ಹಾಸನಕ್ಕೆ ತಿರುಗಿ ಶಿರಾಡಿ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಅಲ್ಲಿ ಮಣ್ಣು ಜರಿದರೆ ಲಾರಿ ನಿಂತಲ್ಲೇ.

ಮೊದಲಿನ ಕೊಟೇಶನ್ನಿಗೆ ಹೋಲಿಸಿದರೆ 1,17,410 ಉಳಿತಾಯ, ಕೇಳಲು ಚೆನ್ನಾಗಿದೆ. ಆದರೆ ಅಳತೆ, ಲಾಫ್ಟಿನ ದರ ತಿದ್ದಿದ ಕೊಟೇಶನ್ 4,90,880. ಅದಕ್ಕೆ ಹೋಲಿಸಿದರೆ ಉಳಿಯುವುದು 35,990. ಜೋತ ಒಂದು ಬಾಗಿಲನ್ನು ಸರಿಮಾಡಲು ಇಲ್ಲಿಂದ ಬಡಗಿಯನ್ನು ಮುನ್ನೂರು ಕಿಲೋಮೀಟರ್ ಹತ್ತಿರ ಕಳಿಸಬೇಕು, ಕರಾವಳಿಯಲ್ಲಿ ಮೊದಲ ಮಳೆಗಾಲ ಕಳೆದ ಮೇಲೆ ಆ ಕರೆ ಬಂದೇ ಬರುತ್ತೆ. ಆದ್ದರಿಂದ ಕೆಲಸ ಅಲ್ಲಿನವರಿಗೇ ಕೊಡಿ ಅಂತ ಹೇಳಿದ್ದು. ಷರತ್ತು: ಅಳತೆ, ಲಾಫ್ಟಿನ ದರ ತಿದ್ದಬೇಕು; 710, 304, ಎರಡೂ ಮೈಗೆ ಲ್ಯಾಮಿನೇಟ್, ಇವನ್ನು ಅದೇ ದರಕ್ಕೆ ಬಿಲ್ಲಿನಲ್ಲಿ ಬರೆದುಕೊಡಬೇಕು. ಬರೆಯಲು ಹಿಂದೆಮುಂದೆ ನೋಡಿದರೆ ಇನ್ನೊಂದು ಅಂಗಡಿ.

ಶುರು ಮಾಡುವುದು ಅಕ್ಟೋಬರ್ ಮುಗಿದ ಮೇಲೆ. ಅಷ್ಟರೊಳಗೆ ಜುಲೈನಲ್ಲಿ ಒಮ್ಮೆ ಹೋದಾಗ, ಕಪಾಟು ಕೂರುವ ಗೋಡೆಗೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ಅಂಟಿಸಿ ಒಂದು ದಿನ ಬಿಡಬೇಕು. ಹನಿ ಹಾಳೆಯ ಹೊರಮೈಯಲ್ಲಿ ಕೂತರೆ ಅದು ಕೋಣೆಯ ತೇವ, ಚಿಂತೆಯಿಲ್ಲ. ಒಳಮೈಯಲ್ಲಿ ಕೂತರೆ ಗೋಡೆಯೇ ನೀರು ಕುಡಿದಿದೆ; ಹೊರಗೋಡೆಯ ಬಿರುಕು ಮುಚ್ಚುವ ತನಕ ಪ್ಲೈವುಡ್ಡಿಗೆ ಅಡ್ವಾನ್ಸ್ ಕೊಡುವ ಹಾಗಿಲ್ಲ.